ಶಾಲೆಯ ಕೈತೋಟದಲ್ಲಿ ದೊಡ್ಡ ಪತಂಗ: ಹುಡುಕುವುದು ಹೇಗೆ, ಫೋಟೊ ತೆಗೆಯುವುದು ಹೇಗೆ?

ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಶಾಲೆಗಳಿಂದ ಒಂದು ಬಗೆಯ ಫೋಟೊ ವಾಟ್ಸಾಪಿನಲ್ಲಿ ಓಡಾಡತೊಡಗುತ್ತದೆ. ಗೋಡೆಯ ಮೇಲೆ ಅಂಗೈಗಿಂತ ದೊಡ್ಡ ಕಂದು ಪತಂಗ. ಫ್ಲ್ಯಾಶ್ ಬಿದ್ದು ಅರ್ಧ ರೆಕ್ಕೆ ಬೆಳ್ಳಗಾಗಿದೆ, ಇನ್ನರ್ಧ ಫ್ರೇಮಿನಿಂದ ಹೊರಗೆ. ಕೆಳಗೆ "ಜಗತ್ತಿನ ಅತಿ ದೊಡ್ಡ ಚಿಟ್ಟೆ ನಮ್ಮ ಶಾಲೆಯಲ್ಲಿ" ಎಂಬ ಸಾಲು. ಯಾವ ಊರು, ಯಾವ ದಿನ, ಹತ್ತಿರ ಯಾವ ಗಿಡ ಇತ್ತು, ಏನೂ ಇಲ್ಲ. ಮಕ್ಕಳ ಖುಷಿ ನೋಡಿದರೆ ನನಗೂ ಖುಷಿಯಾಗುತ್ತದೆ. ಆದರೆ ಅದೇ ಮೊಬೈಲಿನಲ್ಲಿ, ಅಷ್ಟೇ ಹೊತ್ತಿನಲ್ಲಿ, ವರ್ಷಗಟ್ಟಲೆ ಉಪಯೋಗಕ್ಕೆ ಬರುವ ಫೋಟೊ ತೆಗೆಯಲು ಸಾಧ್ಯವಿದೆ. ಅದಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ. ಏನನ್ನು ನೋಡಬೇಕು ಅಂತ ಗೊತ್ತಿರಬೇಕು, ಅಷ್ಟೆ. ಮಾಸ್ತರರಿಗೆ, ಅಕ್ಕೋರಿಗೆ, ಇಕೋ ಕ್ಲಬ್ ನೋಡಿಕೊಳ್ಳುವವರಿಗೆ ಮತ್ತು ಮನೆಯವರ ಮೊಬೈಲ್ ಕೇಳಿ ತರುವ ಮಕ್ಕಳಿಗೆ ಇದನ್ನು ಬರೆದಿದ್ದೇನೆ.

ನಿಮ್ಮ ತೋಟಕ್ಕೆ ಯಾರು ಬರಬಹುದು?

ಎಲ್ಲರಿಗೂ ಗೊತ್ತಿರುವುದು ಅಟ್ಲಾಸ್ ಪತಂಗ. ಇಟ್ಟಿಗೆಗೆಂಪು, ಕಂದು ಬಣ್ಣ. ನಾಲ್ಕು ರೆಕ್ಕೆಗಳಲ್ಲೂ ಗಾಜಿನಂತೆ ಆಚೆ ಕಾಣುವ ತ್ರಿಕೋನದ ಕಿಟಕಿ. ಮುಂದಿನ ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯ ಚಿತ್ರ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಇರುವುದು ಅಟಾಕಸ್ ಟಪ್ರೊಬಾನಿಸ್ ಎಂಬ ಜಾತಿ. ಹಿಮಾಲಯದ ಕಡೆ ಮತ್ತು ಆಗ್ನೇಯ ಏಷ್ಯಾದಲ್ಲಿ ಕಾಣುವುದು ಅಟಾಕಸ್ ಅಟ್ಲಾಸ್. ಇಂಟರ್‌ನೆಟ್ಟಿನಲ್ಲಿ ಸಿಗುವ ಚಿತ್ರಗಳು ಹೆಚ್ಚಾಗಿ ಎರಡನೆಯದರವು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪತಂಗಕ್ಕೆ ಆ ಹೆಸರು ಅಂಟಿಸಬೇಡಿ. "ಜಗತ್ತಿನ ಅತಿ ದೊಡ್ಡದು" ಅನ್ನುವ ಬದಲು "ಅತಿ ದೊಡ್ಡ ಪತಂಗಗಳಲ್ಲಿ ಒಂದು" ಅಂದರೆ ಸರಿ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಅಳೆದರೆ 20 ಸೆಂಟಿಮೀಟರ್ ದಾಟುವುದುಂಟು. ಕಂಪಾಸ್ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲ್ ಸಾಕಾಗುವುದಿಲ್ಲ!

ಎರಡನೆಯದು ಚಂದ್ರ ಪತಂಗ. ತಿಳಿ ಹಸಿರು, ಹಿಂದಿನ ರೆಕ್ಕೆಗಳಿಗೆ ಉದ್ದನೆಯ ಬಾಲ. ಅಗಲ ಸುಮಾರು 10ರಿಂದ 12 ಸೆಂಟಿಮೀಟರ್. ಬಾಲ ಚಂದಕ್ಕೆ ಮಾತ್ರ ಇರುವುದಲ್ಲ. ಹಾರುವಾಗ ಅದು ತಿರುಗುತ್ತಾ ಇರುತ್ತದೆ. ಶಬ್ದದ ಪ್ರತಿಧ್ವನಿ ಹಿಡಿದು ಬೇಟೆಯಾಡುವ ಬಾವಲಿ ಮೈಗೆ ಬಾಯಿ ಹಾಕುವ ಬದಲು ಬಾಲಕ್ಕೆ ಹಾಕುತ್ತದೆ. ಬಾಲ ಹರಿದರೂ ಪತಂಗ ಬದುಕುತ್ತದೆ. ಹಾಗಾಗಿ ಒಂದು ಬಾಲ ಇಲ್ಲದ ಚಂದ್ರ ಪತಂಗ ಸಿಕ್ಕರೆ "ಛೆ, ಹಾಳಾಗಿದೆ" ಎಂದು ಬಿಡಬೇಡಿ. ಅದನ್ನೇ ಚೆನ್ನಾಗಿ ಫೋಟೊ ತೆಗೆಯಿರಿ.

ಮತ್ತಿ ಮರ ಹತ್ತಿರವಿದ್ದರೆ ಟಸಾರ್ ರೇಷ್ಮೆಯ ಪತಂಗವೂ ಸಿಗಬಹುದು. ಹಳದಿ ಅಥವಾ ಕಂದು, ಪ್ರತಿ ರೆಕ್ಕೆಗೂ ಒಂದು ದುಂಡನೆಯ ಕಣ್ಣು. ಕರಾವಳಿಯ ಗೇರು, ಮಾವಿನ ಮರಗಳಲ್ಲಿ ಕ್ರಿಕ್ಯುಲಾ ಎಂಬ ಇನ್ನೊಂದು ರೇಷ್ಮೆ ಪತಂಗದ ಹುಳುಗಳು ಗುಂಪುಗುಂಪಾಗಿ ಎಲೆ ತಿನ್ನುತ್ತವೆ. ಅವುಗಳ ಗೂಡು ಬಂಗಾರದ ಬಣ್ಣದ ಬಲೆ. ಪತಂಗ ಅಷ್ಟು ದೊಡ್ಡದಲ್ಲ, ಗೂಡು ಮಾತ್ರ ನೋಡಲೇಬೇಕಾದ್ದು. ಮಳೆಗಾಲದಲ್ಲಿ ಕತ್ತಲೆ ಮೂಲೆಯ ಗೋಡೆಗೆ ಚಪ್ಪಟೆಯಾಗಿ ಕೂತಿರುವ ಕಪ್ಪು ಕಂದು ಪತಂಗ, ಮುಂದಿನ ಎರಡು ರೆಕ್ಕೆಗಳಲ್ಲಿ ದೊಡ್ಡ ಕಣ್ಣು ಇದ್ದರೆ, ಗೂಬೆ ಪತಂಗವಾಗಿರಬಹುದು. ಅದನ್ನೂ ಅಟ್ಲಾಸ್ ಎಂದು ಬರೆಯುವವರು ಬಹಳ. ಕಿಟಕಿ ಇದೆಯಾ ನೋಡಿ. ಇಲ್ಲದಿದ್ದರೆ ಅಟ್ಲಾಸ್ ಅಲ್ಲ.

ಪತಂಗಕ್ಕಿಂತ ಮೊದಲು ಎಲೆ ನೋಡಿ

ದೊಡ್ಡ ಪತಂಗ ನೋಡಬೇಕು ಅಂದರೆ ಪತಂಗವನ್ನೇ ಹುಡುಕುತ್ತಾ ಹೋದರೆ ಆಗುವುದಿಲ್ಲ. ಅಟ್ಲಾಸ್, ಚಂದ್ರ, ಟಸಾರ್ ಪತಂಗಗಳಿಗೆ ಉಣ್ಣುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಒಂದು ವಾರದ ಆಸುಪಾಸು ಬದುಕುತ್ತವೆ. ಆ ಕೆಲವೇ ದಿನಗಳಲ್ಲಿ ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು. ಆದರೆ ಹುಳು, ಗೂಡು ಎರಡೂ ಸೇರಿ ತಿಂಗಳುಗಟ್ಟಲೆ ನಿಮ್ಮ ತೋಟದಲ್ಲೇ ಇರುತ್ತವೆ. ಹುಡುಕಬೇಕಾದ್ದು ಅವನ್ನು.

ಅಟ್ಲಾಸ್ ಹುಳುವಿಗೆ ದಾಲ್ಚಿನ್ನಿ, ಪೇರಲೆ, ಲಿಂಬೆ ಜಾತಿಯ ಗಿಡಗಳು ಇಷ್ಟ. ಘಟ್ಟದ ಮೇಲಿನ ಶಾಲೆಗಳಲ್ಲಿ ದಾಲ್ಚಿನ್ನಿ ಇಲ್ಲದ ಅಂಗಳ ಕಡಿಮೆ. ಕಾರವಾರ, ಅಂಕೋಲಾ, ಕುಮಟಾದ ಕಡೆ ಪೇರಲೆ ಮರ ಮೊದಲು ನೋಡಿ. ಕೆಳಗಿನಿಂದ ಶುರು ಮಾಡಿ, ಮೇಲಿನಿಂದ ಅಲ್ಲ. ಗಿಡದ ಬುಡದಲ್ಲಿ ಅಥವಾ ಕೆಳಗಿನ ಎಲೆಗಳ ಮೇಲೆ ಕಾಳುಮೆಣಸಿಗಿಂತ ದಪ್ಪನೆಯ ಹಿಕ್ಕೆ ಬಿದ್ದಿದ್ದರೆ, ಅದರ ನೇರ ಮೇಲೆ ದೊಡ್ಡ ಹುಳು ಇದೆ ಎಂದೇ ಅರ್ಥ. ಹಿಕ್ಕೆ ಹಸಿಯಾಗಿದ್ದರೆ ಇವತ್ತಿನದು, ಒಣಗಿದ್ದರೆ ಹುಳು ಜಾಗ ಬದಲಿಸಿರಬಹುದು. ಈಗ ಕತ್ತೆತ್ತಿ ನೋಡಿ. ನರ ಮಾತ್ರ ಉಳಿದ ಎಲೆ ಯಾವ ಕೊಂಬೆಯಲ್ಲಿದೆ? ಆ ಕೊಂಬೆಯ ಎಲೆಗಳ ಅಡಿಮೈ ನೋಡುತ್ತಾ ಹೋಗಿ. ಬೆಳೆದ ಅಟ್ಲಾಸ್ ಹುಳು ಗಂಡಸರ ಹೆಬ್ಬೆರಳಿಗಿಂತ ಉದ್ದ. ನೀಲಿ ಬೆರೆತ ಹಸಿರು ಮೈ, ಮೇಲೆ ಮೆತ್ತನೆಯ ಮುಳ್ಳುಗಳು, ಬಿಳಿ ಹಿಟ್ಟು ಉದುರಿಸಿದ ಹಾಗೆ ಮೇಣದ ಪುಡಿ. ಇಷ್ಟು ದೊಡ್ಡದಾದರೂ ಎಲೆಗಳ ನಡುವೆ ಸುಲಭಕ್ಕೆ ಕಾಣುವುದಿಲ್ಲ. ಮಕ್ಕಳ ಕಣ್ಣು ನಮಗಿಂತ ಚುರುಕು, ಅವರನ್ನು ಮುಂದೆ ಬಿಡಿ.

ಗೂಡು ಹುಡುಕಲು ಬೇರೆ ಉಪಾಯ. ಗಿಡದ ಎಲ್ಲ ಎಲೆ ಹಸಿರಾಗಿರುವಾಗ, ಒಂದೇ ಒಂದು ಒಣ ಎಲೆ ಗಾಳಿ ಬೀಸಿದರೂ ಬೀಳದೆ ನೇತಾಡುತ್ತಿದ್ದರೆ ನಿಂತು ನೋಡಿ. ಅಟ್ಲಾಸ್ ಹುಳು ಎಲೆಯನ್ನು ಸುತ್ತಿಕೊಂಡು ಗೂಡು ಕಟ್ಟುತ್ತದೆ. ಅದಕ್ಕೂ ಮೊದಲು ಎಲೆಯ ತೊಟ್ಟನ್ನು ರೇಷ್ಮೆಯಿಂದ ಕೊಂಬೆಗೆ ಬಿಗಿದಿರುತ್ತದೆ. ಎಲೆ ಒಣಗಿದರೂ ಬೀಳಬಾರದಲ್ವಾ? ಟಸಾರ್ ಗೂಡು ಗಟ್ಟಿ, ಬೂದು ಹಳದಿ ಬಣ್ಣ, ರೇಷ್ಮೆಯದೇ ಒಂದು ತೊಟ್ಟಿನಿಂದ ನೇತಾಡುತ್ತದೆ. ಗೂಡಿನ ಮೈಯಲ್ಲಿ ಸಣ್ಣ ದುಂಡು ತೂತುಗಳಿದ್ದರೆ ಒಳಗಿನ ಹುಳುವನ್ನು ಪರಾವಲಂಬಿ ಕಣಜ ತಿಂದು ಹೊರಟುಹೋಗಿದೆ ಎಂದು ತಿಳಿಯಿರಿ. ಅದನ್ನೂ ಫೋಟೊ ತೆಗೆದು ಬರೆದಿಡಿ. ತೋಟದಲ್ಲಿ ಅದೂ ನಡೆಯಬೇಕಾದ್ದೇ.

ಗೂಡು ಸಿಕ್ಕರೆ ಕಿತ್ತು ಕ್ಲಾಸಿಗೆ ತರಬೇಡಿ. ಡಬ್ಬಿಯೊಳಗೆ ಹೊರಬಂದ ಪತಂಗಕ್ಕೆ ನೇತಾಡಲು ಜಾಗ ಸಿಗದೆ ರೆಕ್ಕೆ ಮುದುಡಿಯೇ ಉಳಿಯುತ್ತದೆ. ಕೊಂಬೆಗೆ ಒಂದು ಬಣ್ಣದ ದಾರ ಕಟ್ಟಿ, ತಾರೀಖು ಬರೆದು ಬಿಡಿ. ದಿನಾ ಪ್ರಾರ್ಥನೆಯ ಗಂಟೆಗೆ ಮೊದಲು ಇಬ್ಬರು ಮಕ್ಕಳು ಹೋಗಿ ನೋಡಿ ಬರಲಿ. ಮಳೆಗಾಲದಲ್ಲಿ ಸುಮಾರು ನಾಲ್ಕು ವಾರಕ್ಕೆ ಪತಂಗ ಹೊರಬರಬಹುದು. ಒಣ ಕಾಲದಲ್ಲಿ ಕಟ್ಟಿದ ಗೂಡು ಮುಂದಿನ ಮಳೆಯವರೆಗೂ ಹಾಗೇ ಇರಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಶಾಲೆಯ ಅಂಗಳ ಚೊಕ್ಕ ಇರಬೇಕು ಅಂತ ದರಕನ್ನೆಲ್ಲ (ಉದುರಿದ ಒಣ ಎಲೆ) ಗುಡಿಸಿ ಬೆಂಕಿ ಹಾಕುತ್ತೇವೆ. ನಂದಿಬಟ್ಟಲು, ಕಣಗಿಲೆ ತಿನ್ನುವ ಹಸಿರು ಗಿಡುಗ ಪತಂಗದ ಹುಳು ಬೆಳೆದ ಮೇಲೆ ಕೆಳಗಿಳಿದು ಆ ದರಕಿನಲ್ಲೇ ಕೋಶವಾಗುತ್ತದೆ. ಒಣ ಎಲೆ ಸುತ್ತಿದ ಗೂಡುಗಳೂ ಸೊಪ್ಪು ಕಡಿಯುವಾಗ, ಟೊಂಗೆ ಸವರುವಾಗ ದರಕಿನೊಟ್ಟಿಗೆ ಹೋಗುತ್ತವೆ. ಆಟದ ಬಯಲು ಗುಡಿಸಿ, ಬೇಡ ಅನ್ನುವುದಿಲ್ಲ. ತೋಟದ ಒಂದು ಮೂಲೆಯನ್ನಾದರೂ ಗುಡಿಸದೆ ಬಿಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಮೊದಲೇ ಹೇಳಿಟ್ಟರೆ ಶ್ರಮದಾನದ ದಿನ ಯಾರೂ ಆ ಮೂಲೆಗೆ ಕೈ ಹಾಕುವುದಿಲ್ಲ.

ಮಕ್ಕಳಿಗೆ ಹೇಳಬೇಕಾದ ಎಚ್ಚರಿಕೆಯೂ ಇದೆ. ಅಟ್ಲಾಸ್ ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಆದರೆ ರೋಮವಿರುವ ಕಂಬಳಿಹುಳುಗಳನ್ನೂ, ತೆಂಗು ಬಾಳೆಯ ಎಲೆಯಡಿ ಅಂಟಿರುವ ಚಪ್ಪಟೆ ಮುಳ್ಳುಹುಳುಗಳನ್ನೂ ಮುಟ್ಟಬಾರದು. ಉರಿ ಬೇಗ ಇಳಿಯುವುದಿಲ್ಲ. ದರಕಿನಲ್ಲಿ ಬರಿಗಾಲಲ್ಲಿ ನಡೆಯಬಾರದು, ಹಾವು ಇರಬಹುದು. ಉಂಬಳದ ಕತೆ ಘಟ್ಟದ ಮೇಲಿನವರಿಗೆ ಹೇಳುವುದೇ ಬೇಡ.

ಪತಂಗ ಕಂಡಿತು. ಈಗ?

ಮೊದಲು ನಿಲ್ಲಿ. ಮಕ್ಕಳನ್ನು ಎರಡು ಮೀಟರ್ ದೂರದಲ್ಲಿ ಅರ್ಧವೃತ್ತವಾಗಿ ಕೂರಿಸಿ. ಕೂತರೆ ಹಿಂದಿನವರಿಗೂ ಕಾಣುತ್ತದೆ, ತಳ್ಳಾಟ ಇರುವುದಿಲ್ಲ.

ರೆಕ್ಕೆ ಗಮನಿಸಿ. ಮುದ್ದೆಯಾಗಿ, ಒದ್ದೆಯಾಗಿ ಕೆಳಗೆ ಜೋತಿದ್ದರೆ ಅದು ಈಗ ತಾನೇ ಗೂಡಿನಿಂದ ಬಂದದ್ದು. ಮೈಯಲ್ಲಿರುವ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತಿ ಅದು ರೆಕ್ಕೆ ಬಿಚ್ಚುತ್ತಿರುತ್ತದೆ. ಬಿಚ್ಚಿ ಗಟ್ಟಿಯಾಗಲು ಕೆಲವು ತಾಸು ಬೇಕು. ಆಗ ಗಿಡ ಅಲುಗಿದರೂ ತೊಂದರೆ. ಹತ್ತಿರ ಹೋಗಬೇಡಿ. ಒಂದೇ ಜಾಗದಿಂದ ಹತ್ತು ನಿಮಿಷಕ್ಕೊಂದರಂತೆ ಫೋಟೊ ತೆಗೆಯುತ್ತಾ ಹೋಗಿ. ರೆಕ್ಕೆ ಬಿಚ್ಚುವ ಸರಣಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಇನ್ನೊಂದಿಲ್ಲ.

ರೆಕ್ಕೆ ಪೂರ್ತಿ ಬಿಚ್ಚಿ ಸುಮ್ನೆ ಕೂತಿದ್ದರೆ ನಿಮಗೆ ಸಮಯವಿದೆ. ಹೆಣ್ಣು ಅಟ್ಲಾಸ್ ಹೊರಬಂದ ದಿನ ಗೂಡಿನ ಹತ್ತಿರವೇ ಇದ್ದು, ರಾತ್ರಿ ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಹಗಲಿಡೀ ಅಲ್ಲೇ ಇರುತ್ತದೆ. ಕೈಯಲ್ಲಿ ಎತ್ತಿಕೊಳ್ಳುವುದು, ಮಗುವಿನ ಅಂಗಿಯ ಮೇಲೆ ಕೂರಿಸುವುದು, ರೆಕ್ಕೆ ಬಿಚ್ಚಲಿ ಅಂತ ಕಡ್ಡಿಯಿಂದ ತಿವಿಯುವುದು ಯಾವುದೂ ಬೇಡ. ಹೊಟ್ಟೆಗೆ ಏನೂ ತಿನ್ನದ ಪ್ರಾಣಿ ಅದು. ಒಮ್ಮೆ ಬಡಿದುಕೊಂಡು ಹಾರಿದರೆ ಹೋದ ಶಕ್ತಿ ಮತ್ತೆ ಬರುವುದಿಲ್ಲ.

ಎತ್ತಬೇಕಾದ ಸಂದರ್ಭ ಒಂದೇ. ಜಗಲಿಯ ಟ್ಯೂಬ್‌ಲೈಟಿಗೆ ಬಂದು ಬೆಳಗಾದ ಮೇಲೂ ಬೋಳು ಗೋಡೆಯಲ್ಲಿ ಉಳಿದಿದ್ದರೆ ಕಾಗೆಯೋ ಕಾಜಾಣವೋ ಬೆಕ್ಕೋ ತಿಂದುಬಿಡುತ್ತದೆ. ಆಗ ಅದರ ಮುಂಗಾಲಿನ ಎದುರು ಒರಟು ಕಡ್ಡಿ ಹಿಡಿಯಿರಿ. ತಾನೇ ಹತ್ತಿಕೊಳ್ಳುತ್ತದೆ. ನಿಧಾನ ಒಯ್ದು ನೆರಳಿನ ಪೊದೆಯೊಳಗೆ ಬಿಡಿ. ರೆಕ್ಕೆ ಹಿಡಿದು ಎತ್ತಿದರೆ ಅದರ ಮೇಲಿನ ಪುಡಿಯಂಥ ಹುರುಪೆ ಉದುರುತ್ತದೆ, ರೆಕ್ಕೆ ಹರಿಯುತ್ತದೆ.

ಫೋಟೊ ತೆಗೆಯುವ ಕ್ರಮ

ಲೆನ್ಸ್ ಒರೆಸಿ. ಮಳೆಗಾಲದ ಶಿರಸಿಯಲ್ಲಿ ಆವಿ ಕೂರುತ್ತದೆ, ಕಾರವಾರದಲ್ಲಿ ಸಮುದ್ರದ ಉಪ್ಪು. ಹಳೆಯ ಹತ್ತಿ ಬಟ್ಟೆ ಸಾಕು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆನ್ ಮಾಡಿ. ಬ್ಯೂಟಿ ಫಿಲ್ಟರ್, ಬಣ್ಣ ಹೆಚ್ಚಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಅದು ಹಿನ್ನೆಲೆ ಮಸುಕು ಮಾಡುವಾಗ ಕುಡಿಮೀಸೆಯನ್ನೂ ರೆಕ್ಕೆಯ ಅಂಚನ್ನೂ ತಿಂದುಹಾಕುತ್ತದೆ. ಜಾತಿ ಗುರುತಿಸುವವರು ನೋಡುವುದೇ ಅವನ್ನು.

ಇಷ್ಟು ದೊಡ್ಡ ಪತಂಗಕ್ಕೆ ಮ್ಯಾಕ್ರೊ ಲೆನ್ಸ್ ಬೇಕಿಲ್ಲ. ಅರ್ಧ ಮೀಟರ್ ದೂರ ನಿಂತು, ಮೊಬೈಲಿನ ಮುಖ್ಯ ಕ್ಯಾಮೆರಾ ಬಳಸಿ. ತೀರಾ ಹತ್ತಿರ ಹೋದರೆ ನಡುವಿನ ಮೈ ಉಬ್ಬಿ, ರೆಕ್ಕೆಯ ತುದಿಗಳು ಸಣ್ಣಗೆ ಕಾಣುತ್ತವೆ.

ಮೊದಲ ಫೋಟೊ ಕಂಡ ಹಾಗೇ ಇರಲಿ: ಪತಂಗ, ಅದು ಕೂತ ಗಿಡ ಅಥವಾ ಗೋಡೆ, ಸುತ್ತಲಿನ ಜಾಗ. ಇದನ್ನು ಎಲ್ಲರೂ ಮರೆಯುತ್ತಾರೆ. ನನ್ನ ಮಟ್ಟಿಗೆ ಇದೇ ಬಹಳ ಮುಖ್ಯ, ಪತಂಗ ಹಾರಿಹೋದ ಮೇಲೆ ಇದನ್ನು ಮತ್ತೆ ತೆಗೆಯಲಾಗದು. ಆಮೇಲೆ ಎದುರಿನಿಂದ ಪೂರ್ತಿ ರೆಕ್ಕೆ. ಮೊಬೈಲಿನ ಬೆನ್ನು ಮತ್ತು ಪತಂಗದ ರೆಕ್ಕೆ ಒಂದಕ್ಕೊಂದು ಸಮಾನಾಂತರವಾಗಿರಲಿ. ಓರೆ ಹಿಡಿದರೆ ಒಂದು ರೆಕ್ಕೆ ಸ್ಪಷ್ಟ, ಇನ್ನೊಂದು ಮಸುಕು. ನಾಲ್ಕೂ ರೆಕ್ಕೆಯ ತುದಿ ಫ್ರೇಮಿನೊಳಗೆ ಬರಬೇಕು, ಸುತ್ತ ಸ್ವಲ್ಪ ಜಾಗ ಉಳಿಯಬೇಕು. ಮೊಬೈಲಿನ ಪರದೆಯಲ್ಲಿ ಕಾಣುವ ಪತಂಗದ ಬೆನ್ನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಅಲ್ಲೇ ನಿಲ್ಲುತ್ತವೆ.

ಬೆಳಕಿನಲ್ಲಿ ಎರಡು ತೊಡಕು ಪದೇ ಪದೇ ಬರುತ್ತವೆ. ಸುಣ್ಣ ಬಳಿದ ಬಿಳಿ ಗೋಡೆಯ ಮೇಲೆ ಕಂದು ಅಟ್ಲಾಸ್ ಕೂತಿದ್ದರೆ ಕ್ಯಾಮೆರಾ ಗೋಡೆಗೆ ತಕ್ಕಂತೆ ಬೆಳಕು ಇಳಿಸುತ್ತದೆ, ಪತಂಗ ಕಪ್ಪಾಗುತ್ತದೆ. ಪರದೆಯಲ್ಲಿ ಪತಂಗದ ಮೇಲೆ ಒತ್ತಿ, ಅಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೆಯಿರಿ. ದಟ್ಟ ಎಲೆಗಳ ನಡುವೆ ತಿಳಿ ಹಸಿರು ಚಂದ್ರ ಪತಂಗ ಇದ್ದರೆ ಇದರ ಉಲ್ಟಾ. ರೆಕ್ಕೆ ಬೆಳ್ಳಗೆ ಹೊಳೆದು ಗೆರೆಗಳೆಲ್ಲ ಮಾಯ. ಅಲ್ಲಿ ಕೆಳಗೆ ಎಳೆಯಿರಿ.

ಫ್ಲ್ಯಾಶ್ ಹಾಕಬೇಡಿ. ರೆಕ್ಕೆಯ ಹುರುಪೆಗಳು ಬೆಳಕನ್ನು ಹಿಂದೆ ಎಸೆಯುತ್ತವೆ, ಬಣ್ಣ ಸತ್ತುಹೋಗುತ್ತದೆ. ಮೋಡ ಮುಸುಕಿದ ಬೆಳಗ್ಗೆಯ ಬೆಳಕು ಬಹಳ ಒಳ್ಳೆಯದು, ಅದು ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಕ್ಕಟೆ ಸಿಗುತ್ತದೆ. ಜಗಲಿಯ ಒಳಮೂಲೆ ಕತ್ತಲಾಗಿದ್ದರೆ ಒಬ್ಬರು ಬಿಳಿ ಡ್ರಾಯಿಂಗ್ ಹಾಳೆ ಹಿಡಿದು ಹೊರಗಿನ ಬೆಳಕನ್ನು ಪತಂಗದ ಕಡೆ ತಿರುಗಿಸಲಿ. ಇನ್ನೂ ಸಾಲದಿದ್ದರೆ ಟಾರ್ಚಿನ ಮೇಲೆ ತೆಳು ಬಿಳಿ ಬಟ್ಟೆ ಸುತ್ತಿ, ಪಕ್ಕದಿಂದ ಹಿಡಿಯಿರಿ. ಕರಾವಳಿಯಲ್ಲಿ ಗಿಡದ ಮೇಲಿನ ಪತಂಗವಾದರೆ ಹೊತ್ತು ಏರುವ ಮೊದಲೇ ಕೆಲಸ ಮುಗಿಸಿ. ಕಡಲ ಗಾಳಿ ಶುರುವಾದ ಮೇಲೆ ಎಲೆ ನಿಲ್ಲುವುದಿಲ್ಲ.

ಮೂರನೆಯದು ತಲೆ ಮತ್ತು ಕುಡಿಮೀಸೆ. ಗಂಡಿನ ಕುಡಿಮೀಸೆ ಅಗಲ, ಗರಿಗರಿಯಾಗಿರುತ್ತದೆ. ದೂರದ ಹೆಣ್ಣಿನ ವಾಸನೆ ಹಿಡಿಯುವುದು ಅದರಿಂದಲೇ. ಹೆಣ್ಣಿನದು ಕಿರಿದು, ಹೊಟ್ಟೆ ದಪ್ಪ. ಈ ಒಂದು ಫೋಟೊ ಇದ್ದರೆ ಗಂಡೋ ಹೆಣ್ಣೋ ಹೇಳಬಹುದು. ಆಮೇಲೆ ಮುಂರೆಕ್ಕೆಯ ತುದಿ ಮತ್ತು ಕಿಟಕಿಗಳು. ಸಾಧ್ಯವಾದರೆ ಪಕ್ಕದಿಂದ ಒಂದು, ರೆಕ್ಕೆಯ ಅಡಿಮೈ ಕಾಣುವ ಹಾಗೆ. ಅಳತೆಗೆ ಒಂದು ಅಡಿಯ ಸ್ಕೇಲನ್ನು ರೆಕ್ಕೆಗೆ ತಾಗದಂತೆ, ಅದೇ ಮಟ್ಟದಲ್ಲಿ ಹಿಡಿದು ಒಂದು. ಬೆರಳು, ಕೈ, ನಾಣ್ಯ ಅಳತೆಗೆ ಬೇಡ.

ಕೊನೆಗೆ ಗಿಡ. ಎಲೆಯ ಮೇಲ್ಮೈ, ಅಡಿಮೈ, ಇಡೀ ಗಿಡ. ಗೂಡು ಇದ್ದರೆ ಅದೂ.

ಡಿಎಸ್‌ಎಲ್‌ಆರ್ ಇರುವವರಿಗೆ: ಎಫ್ 8ರ ಆಸುಪಾಸು ಇಡಿ, ಶಟರ್ ಸೆಕೆಂಡಿನ 125ನೇ ಒಂದು ಭಾಗಕ್ಕಿಂತ ನಿಧಾನ ಬೇಡ, ಐಎಸ್ಒ ಬೇಕಾದಷ್ಟು ಏರಿಸಿ. ಸ್ವಲ್ಪ ಕಾಳುಕಾಳಾದ ಫೋಟೊ ಪರವಾಗಿಲ್ಲ, ಅಲುಗಿದ ಫೋಟೊ ಯಾವುದಕ್ಕೂ ಬಾರದು.

ರಾತ್ರಿ ಬಿಳಿ ಬಟ್ಟೆ ಕಟ್ಟುವುದಾದರೆ

ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಮುಂದೆ ಒಂದು ಬಲ್ಬು ಹಾಕಿದರೆ ಪತಂಗಗಳು ಬರುತ್ತವೆ. ಪೋಷಕರು ಜೊತೆಗಿರುವ ಒಂದು ಸಂಜೆ ಸಾಕು, ವಾರ ವಾರ ಬೇಡ. ಎರಡು ತಾಸಿನ ನಂತರ ದೀಪ ಆರಿಸಿ, ಬಟ್ಟೆಯನ್ನು ಮೆಲ್ಲಗೆ ಪೊದೆಯ ಮೇಲೆ ಕೊಡವಿ. ರಾತ್ರಿಯಿಡೀ ದೀಪ ಉರಿದರೆ ಅವು ಅಲ್ಲೇ ಸುತ್ತಿ ಸುಸ್ತಾಗುತ್ತವೆ, ಬೆಳಗ್ಗೆ ಹಕ್ಕಿಗಳ ಪಾಲು. ಅಭಯಾರಣ್ಯದ ಅಥವಾ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಶಾಲೆಯಾದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಬರೆದಿಡುವುದು, ಕಳಿಸುವುದು

ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಜಾಗ, ಗಿಡದ ಹೆಸರು, ಮಳೆ ಇತ್ತೋ ಬಿಸಿಲೋ, ದೀಪಕ್ಕೆ ಬಂದದ್ದೋ ಗಿಡದಲ್ಲಿ ಕೂತದ್ದೋ, ಕಂಡವರು ಯಾರು. ಗಿಡದ ಹೆಸರನ್ನು ಊರಲ್ಲಿ ಹೇಳುವ ಹಾಗೇ ಬರೆಯಿರಿ. ಹವ್ಯಕರ ಮಗು, ಹಾಲಕ್ಕಿ ಮಗು, ಕೊಂಕಣಿ ಮಾತಾಡುವ ಮಗು ಮೂರು ಹೆಸರು ಹೇಳಿದರೆ ಮೂರನ್ನೂ ಬರೆಯಿರಿ. ಫೋಟೊ ಇದ್ದರೆ ಶಾಸ್ತ್ರೀಯ ಹೆಸರು ಯಾರಾದರೂ ಹೇಳುತ್ತಾರೆ.

ಐ-ನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಮಾತ್ಸ್ ಆಫ್ ಇಂಡಿಯಾ, ಈ ಮೂರು ಜಾಲತಾಣಗಳಲ್ಲಿ ಎಲ್ಲಿ ಬೇಕಾದರೂ ಫೋಟೊ ಸೇರಿಸಬಹುದು. ಖಾತೆ ಮಾಸ್ತರರದ್ದೋ ಅಕ್ಕೋರದ್ದೋ ಇರಲಿ. ಮಕ್ಕಳ ಹೆಸರು, ಮುಖ ಹಾಕಬೇಡಿ. ಹೆಸರು ಖಾತ್ರಿ ಇಲ್ಲದಿದ್ದರೆ "ಪತಂಗ" ಎಂದಷ್ಟೇ ಬರೆದು ಬಿಡಿ, ಗೊತ್ತಿದ್ದವರು ತಿದ್ದುತ್ತಾರೆ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಜಾಗ ಮತ್ತು ಹೊತ್ತಿನ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಜುಲೈ ಕೊನೆಯ ಪೂರ್ತಿ ವಾರ ಪತಂಗ ಸಪ್ತಾಹ ನಡೆಯುತ್ತದೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಈಗ ಭಾರತದಲ್ಲೂ ತುಂಬ ಜನ ಸೇರುತ್ತಾರೆ. ನಮ್ಮ ಜಿಲ್ಲೆಗೆ ಅದು ಒಳ್ಳೆಯ ಮಳೆಯ ಕಾಲ, ಶಾಲೆಯೂ ನಡೆಯುತ್ತಿರುತ್ತದೆ.

ಕೆಲವು ದಿನಗಳ ನಂತರ ಅದೇ ಗಿಡದ ಬುಡದಲ್ಲಿ ಸತ್ತ ಪತಂಗ ಸಿಗಬಹುದು. ಇರುವೆ ಎಳೆದೊಯ್ಯುವ ಮೊದಲು ಹಾಳೆಯ ಮೇಲೆ ಎತ್ತಿಕೊಂಡು, ನೆರಳಲ್ಲಿ ಪೂರ್ತಿ ಒಣಗಿಸಿ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಇಟ್ಟು, ಮೂಲೆಯಲ್ಲಿ ಡಾಂಬರು ಗುಳಿಗೆ ಹಾಕಿ. ಮಳೆಗಾಲ ಮುಗಿಯುವವರೆಗೂ ಆಗಾಗ ತೆರೆದು ಬೂಸ್ಟು ಬಂದಿದೆಯೋ ನೋಡುತ್ತಿರಿ. ನೋಟ್‌ಬುಕ್ಕಿನಲ್ಲಿ ಬರೆದ ತಾರೀಖು, ಜಾಗ, ಗಿಡದ ಹೆಸರನ್ನೇ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಒಳಗಿಡಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.